ಹುಣಸೇಮರದ ಗೇಟಿನ ನಲವತ್ತೈದು ಸಾವಿರ ಜನ

ಹೋದ ತಿಂಗಳು ನಮ್ಮ ಕಡೆಯ ಒಂದು ಹುಣಸೇಮರದ ಕೆಳಗೆ ನಲವತ್ತೈದು ಸಾವಿರ ಜನ ಬೆಳಿಗ್ಗೆ ಎಂಟು ಗಂಟೆಯ ಬಸ್ಸಿಗೆ ಕಾದು ನಿಂತಿದ್ದರು.

ನಾನು ಹೇಳುತ್ತಿಲ್ಲ. ನಾನು ಮಾಡಿದ ಚಾರ್ಟ್ ಹೇಳುತ್ತಿದೆ. ಕಲರ್ ಪ್ರಿಂಟು, ದಪ್ಪ ಹಾಳೆ, ಕೆಳಗೆ ನನ್ನ ಸಹಿ, ಸಹಿಯ ಕೆಳಗೆ 'ನಿವೃತ್ತ ಗಣಿತ ಶಿಕ್ಷಕರು' ಎಂಬ ಒಕ್ಕಣೆ ಬೇರೆ. (ಆ ಒಕ್ಕಣೆ ಇಲ್ಲದಿದ್ದರೆ ಮಾನ ಒಂದಿಷ್ಟು ಉಳಿಯುತ್ತಿತ್ತು.)

ಮೊದಲಿಂದ ಹೇಳುತ್ತೇನೆ. ನಾನಿರುವುದು ನಂಜನಗೂಡಿನಲ್ಲಿ. ರಿಟೈರ್ ಆದಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ವಾರಕ್ಕೆ ಎರಡು ದಿನ ಟಿ. ನರಸೀಪುರದ ಒಂದು ಟ್ಯುಟೋರಿಯಲ್ಲಿಗೆ ಪಾಠ ಹೇಳಲು ಹೋಗುತ್ತೇನೆ. ಸ್ಕೂಟರಿನಲ್ಲಿ. ದಾರಿಯಲ್ಲಿ ಹುಣಸೇಮರದ ಗೇಟ್ ಸಿಗುತ್ತದೆ. ಗೇಟ್ ಅಂದರೆ ಬಾಗಿಲು ಹುಡುಕಬೇಡಿ. ಬಸ್ಸು ಊರೊಳಕ್ಕೆ ಹೋಗದಿದ್ದರೆ ಮೇನ್ ರೋಡಿನಲ್ಲಿ ಹತ್ತಿ ಇಳಿಯುವ ಜಾಗಕ್ಕೆ ನಮ್ಮ ಕಡೆ ಗೇಟ್ ಅನ್ನುತ್ತೇವೆ. ಒಂದು ಮರ, ಮರದಡಿ ಒಂದು ಕಲ್ಲು, ಕಲ್ಲಿನ ಮೇಲೆ ಸೊಪ್ಪಿನ ಚಿಕ್ಕತಾಯಮ್ಮ. ಇಷ್ಟೇ ಗೇಟು.

ಚಿಕ್ಕತಾಯಮ್ಮನ ಮುಂದೆ ಯಾವಾಗಲೂ ಒಂದು ದೊಡ್ಡ ಮಂಕರಿ. ಅದರಲ್ಲಿ ಸೌತೆಕಾಯಿ, ಕೀರೆಸೊಪ್ಪು, ಒಂದೊಂದು ದಿನ ಹೀರೇಕಾಯಿ. ಎರಡು ವರ್ಷದಿಂದ ನನ್ನ ಸೌತೆಕಾಯಿ ಅಲ್ಲಿಂದಲೇ. ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಕಹಿ ಬಂದರೆ ಮಾರನೆಯ ಸಲ ಬೈಯಲು ಒಂದು ಗುರುತಿನ ಮುಖ ಬೇಕಲ್ಲ?

ಆ ಗೇಟಿನಲ್ಲಿ ಮೊದಲು ಬಸ್ ನಿಲ್ಲುತ್ತಿತ್ತು. ರೋಡು ಅಗಲ ಮಾಡುವಾಗ ತಂಗುದಾಣ ಒಡೆದರು. ರೋಡು ಚೆನ್ನಾಗಾಯಿತು, ಬಸ್ಸು ಜೋರಾಯಿತು, ಸ್ಟಾಪುಗಳ ಹೊಸ ಪಟ್ಟಿ ಮಾಡುವಾಗ ಈ ಗೇಟಿನ ಹೆಸರು ಹೇಗೋ ಬಿಟ್ಟುಹೋಯಿತು. ಬೇಕು ಅಂತ ಬಿಟ್ಟವರು ಯಾರೂ ಇರಲಿಕ್ಕಿಲ್ಲ. ಮುಂದಿನ ಸ್ಟಾಪು ಒಂದೂವರೆ ಕಿಲೋಮೀಟರ್ ದೂರ. ಆದರೂ ಜನ ಇಲ್ಲೇ ನಿಲ್ಲುತ್ತಾರೆ. ಹಂಪ್ ಹತ್ತಿರ ಬಸ್ಸು ಒಂದು ಗಳಿಗೆ ನಿಧಾನವಾದರೆ ಕೈಕಾಲು ಗಟ್ಟಿ ಇರುವವರು ಹಾರಿ ಹತ್ತಿಕೊಳ್ಳುತ್ತಾರೆ. ಆಗದಿದ್ದವರು ಆಟೋ ಸಿಕ್ಕರೆ ಆಟೋ, ಇಲ್ಲದಿದ್ದರೆ ನಟರಾಜ ಸರ್ವೀಸು.

ಇದನ್ನು ನೋಡಿ ನೋಡಿ ನನಗೆ ತಲೆ ಕೆಟ್ಟಿತು. ಒಂದು ದಿನ ಅರ್ಜಿ ಬರೆದು ಬಸ್ಸಿನ ಆಫೀಸಿಗೆ ಹೋದೆ. ಅಲ್ಲಿದ್ದ ಸಾಹೇಬರು ಒಳ್ಳೆಯ ಮನುಷ್ಯ. ಕೂರಿಸಿ ಟೀ ಕೊಟ್ಟರು. ಅರ್ಜಿಗಳು ಬೇಕಾದಷ್ಟು ಬರುತ್ತವೆ ಸಾರ್, ಡೇಟಾ ಯಾರೂ ತರುವುದಿಲ್ಲ ಅಂದರು. ಒಂದು ತಿಂಗಳು ಪ್ರತಿದಿನ ಬಸ್ ಬರುವ ಹೊತ್ತಿಗೆ ಎಷ್ಟು ಜನ ಇರುತ್ತಾರೆ ಅಂತ ಬರೆದು ಒಂದು ಚಾರ್ಟ್ ಮಾಡಿಕೊಡಿ, ಮೇಲಿನವರಿಗೆ ತೋರಿಸಲು ಸುಲಭ, ಅಂದರು.

ಚಾರ್ಟ್! ಮೂವತ್ತನಾಲ್ಕು ವರ್ಷ ಗ್ರಾಫ್ ಶೀಟಿನ ಮೇಲೆ ಮಕ್ಕಳ ಕೈಯಲ್ಲಿ ಗೆರೆ ಎಳೆಸಿದವನಿಗೆ ಚಾರ್ಟ್ ಕೇಳುತ್ತಾರೆ! ಆದರೆ ಎಣಿಸುವವರು ಯಾರು? ನಾನು ಹೋಗುವುದು ವಾರಕ್ಕೆ ಎರಡೇ ದಿನ. ದಿನಾ ಬೆಳಿಗ್ಗೆ ಆ ಗೇಟಿನಲ್ಲಿ ತಪ್ಪದೆ ಇರುವವರು ಒಬ್ಬರೇ ಅಲ್ಲವೇ?

ಚಿಕ್ಕತಾಯಮ್ಮನನ್ನು ಕೇಳಿದೆ. ನಾಲ್ಕನೇ ಕ್ಲಾಸು ಓದಿದ್ದಾರಂತೆ, ಅಂಕಿ ಬರೆಯಲು ತೊಂದರೆ ಇಲ್ಲ ಅಂದರು. ಒಂದು ನೋಟ್‌ಬುಕ್ ಕೊಂಡು, ಸ್ಕೇಲ್ ಇಟ್ಟು ಗೆರೆ ಎಳೆದು ಎರಡು ಕಾಲಂ ಮಾಡಿದೆ. ಎಡಗಡೆ ತಾರೀಖು, ಬಲಗಡೆ ಜನ. ಬಸ್ಸು ಮರ ದಾಟುವ ಹೊತ್ತಿಗೆ ಗೇಟಿನಲ್ಲಿ ಬಸ್ಸಿಗಂತ ನಿಂತವರನ್ನೆಲ್ಲ ಬರೆಯಿರಿ, ಒಬ್ಬರನ್ನೂ ಬಿಡಬೇಡಿ, ಅಂತ ಪಾಠ ಮಾಡಿದೆ. ಅವರು ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೊಪ್ಪಿನ ಕೆಳಗೆ ಇಟ್ಟುಕೊಂಡರು.

ತಿಂಗಳಾದ ಮೇಲೆ ನೋಟ್‌ಬುಕ್ ಕೈಗೆ ಬಂತು. ಒಂದು ದಿನವೂ ಬಿಟ್ಟಿರಲಿಲ್ಲ. ಅಕ್ಷರ ಗುಂಡಗೆ, ಮುದ್ದಾಗಿತ್ತು. ಆದರೆ ಬಲಗಡೆಯ ಕಾಲಂ ನೋಡಿ ನನ್ನ ಬಿಪಿ ಏರಿತು. ಏನು ಬರೆದಿದ್ದರು ಗೊತ್ತೇ? 5-6. 7-8. 4-5. 6-7. ತಿಂಗಳು ಪೂರ್ತಿ ಹೀಗೇ.

ಐದಾರು ಜನ, ಏಳೆಂಟು ಜನ! ನಮ್ಮ ಜನಕ್ಕೆ ಇದೊಂದು ರೋಗ ಕಣ್ರೀ. ಮದುವೆಗೆ ಎಷ್ಟು ಜನ ಬರುತ್ತಾರೆ ಅಂದರೆ ಇನ್ನೂರು ಮುನ್ನೂರು ಅನ್ನುತ್ತೇವೆ. ಹೆಮ್ಮರಗಾಲಕ್ಕೆ ಎಷ್ಟು ದೂರ ಅಂದರೆ ಎರಡು ಮೂರು ಮೈಲಿ ಇರಬಹುದು ಅನ್ನುತ್ತೇವೆ. ಎರಡೋ ಮೂರೋ? ಕೇಳಿದರೆ ಸಿಟ್ಟು ಬರುತ್ತದೆ. ನೆಂಟರ ಮನೆಯಲ್ಲಿ ಎರಡು ಮೂರು ದಿನ ಇದ್ದು ಬರುತ್ತೇನೆ ಎಂದು ಹೋದವರು ಏಳೆಂಟು ದಿನವಾದರೂ ಬರುವುದಿಲ್ಲ. ಕ್ಲಾಸಿನಲ್ಲಿ ಯಾವನಾದರೂ ಉತ್ತರ 'ಐದಾರು' ಅಂತ ಬರೆದಿದ್ದರೆ ನಾನು ಬೆಂಚ್ ಹತ್ತಿಸುತ್ತಿದ್ದೆ. ಚಿಕ್ಕತಾಯಮ್ಮನನ್ನು ಬೆಂಚ್ ಹತ್ತಿಸಲಾಗುತ್ತದೆಯೇ?

ಭಾನುವಾರಗಳ ಎದುರು ಮಾತ್ರ 0-1 ಅಂತಿತ್ತು. ಅದನ್ನು ನೋಡಿ ನಗು ಬಂತು. ಸೊನ್ನೆ ಮತ್ತು ಒಂದರ ನಡುವೆ ಅಂದರೆ ಪ್ರಾಬಬಿಲಿಟಿ ಅಲ್ಲವೇ? ಚಿಕ್ಕತಾಯಮ್ಮ ಹತ್ತನೇ ಕ್ಲಾಸಿನ ಪಾಠದವರೆಗೂ ಹೋಗಿಬಿಟ್ಟರಲ್ಲ ಅಂದುಕೊಂಡೆ.

ಸರಿ, ಇದ್ದದ್ದನ್ನು ಇದ್ದಂತೆಯೇ ಹಾಕೋಣ, ಕಂಪ್ಯೂಟರ್ ಏನಾದರೂ ದಾರಿ ಮಾಡೀತು ಅಂತ ಲ್ಯಾಪ್‌ಟಾಪ್ ತೆಗೆದೆ. ಸ್ಪ್ರೆಡ್‌ಶೀಟ್ ನಾನು ಕಲಿತದ್ದು ವಿಡಿಯೋ ನೋಡಿ. ಎ ಕಾಲಂನಲ್ಲಿ ತಾರೀಖು, ಬಿ ಕಾಲಂನಲ್ಲಿ ಜನ. ಅಂಕಿ ಬರುವ ಕಾಲಂಗೆ ಮೊದಲೇ 'ನಂಬರ್' ಅಂತ ಫಾರ್ಮ್ಯಾಟ್ ಕೊಡಿ ಅಂದಿದ್ದರು, ಕೊಟ್ಟೆ. ಬರುವುದು ಒಂದೆರಡು ಅಂಕಿ ತಾನೆ ಅಂತ ಕಾಲಂನ ಅಗಲ ಕಿರಿದು ಮಾಡಿದೆ. ಆಮೇಲೆ ಕಣ್ಣು ನೋಟ್‌ಬುಕ್ಕಿನಲ್ಲಿ, ಎರಡು ಬೆರಳು ಕೀಬೋರ್ಡಿನಲ್ಲಿ. ಮುಗಿಸಿ ತಲೆ ಎತ್ತಿದರೆ ಬಿ ಕಾಲಂನಲ್ಲಿ ಬಹುಪಾಲು ## ಅಂತ ಕೂತಿತ್ತು. ಏನೋ ಡಿಸೈನ್ ಇರಬೇಕು ಅಂದುಕೊಂಡೆ. (ನಗಬೇಡಿ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?)

ಎರಡೂ ಕಾಲಂ ಸೆಲೆಕ್ಟ್ ಮಾಡಿದೆ. ಇನ್ಸರ್ಟ್ ಒತ್ತಿದೆ. ಚಾರ್ಟ್ ಒತ್ತಿದೆ. ಅಬ್ಬಾ! ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೀಲಿ ಕಂಬಗಳು ಸಾಲಾಗಿ ಎದ್ದು ನಿಂತವು. ನಡುನಡುವೆ ಕೆಲವು ಕಡೆ ಖಾಲಿ. ಭಾನುವಾರ ಇರಬೇಕು ಅಂತ ಸಮಾಧಾನ ಹೇಳಿಕೊಂಡೆ. ಪೆನ್‌ಡ್ರೈವ್ ಹಿಡಿದು ಝೆರಾಕ್ಸ್ ಅಂಗಡಿಗೆ ಓಡಿದೆ.

ಸಾಹೇಬರು ಚಾರ್ಟನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ಮೇಷ್ಟ್ರೇ, ನಿಮ್ಮ ಗೇಟಲ್ಲಿ ನಲವತ್ತೈದು ಸಾವಿರ ಜನ ನಿಂತವ್ರೆ. ಒಂದು ಬಸ್ ನಿಲ್ಸಿದ್ರೆ ಸಾಕಾ?"

ನಾನು ಬಗ್ಗಿ ನೋಡಿದೆ. ಎಡಗಡೆಯ ಗೆರೆಯ ಪಕ್ಕ ಹತ್ತು ಸಾವಿರ, ಇಪ್ಪತ್ತು ಸಾವಿರ, ಮೂವತ್ತು ಸಾವಿರ ಅಂತ ಅಚ್ಚುಕಟ್ಟಾಗಿ ಅಚ್ಚಾಗಿತ್ತು. ಒಂದೊಂದು ನೀಲಿ ಕಂಬವೂ ನಲವತ್ತೈದು ಸಾವಿರ ದಾಟಿ ನಿಂತಿತ್ತು. ಸ್ಕೇಲ್ ಬರೆಯದ ಮಕ್ಕಳಿಗೆ ಜೀವಮಾನವಿಡೀ ಅರ್ಧ ಮಾರ್ಕ್ಸ್ ಕಟ್ ಮಾಡಿದವನು ನಾನು. ನನ್ನದೇ ಚಾರ್ಟಿನ ಸ್ಕೇಲ್ ಓದಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಾಹೇಬರು ಹೆಚ್ಚು ಕಾಡಲಿಲ್ಲ. ಸೋಮವಾರ ಮೀಟಿಂಗ್ ಇದೆ, ಅಷ್ಟರೊಳಗೆ ಸರಿಯಾದ ನಂಬರ್ ತಂದರೆ ಗೇಟಿನ ಹೆಸರು ಪಟ್ಟಿಗೆ ಸೇರಿಸಲು ನೋಡುತ್ತೇನೆ ಅಂದರು. ತರದಿದ್ದರೆ? ಮುಂದಿನ ಪಟ್ಟಿ ಯಾವಾಗಲೋ ತಮಗೂ ಗೊತ್ತಿಲ್ಲ ಅಂದರು.

ಮನೆಗೆ ಬಂದು ಲ್ಯಾಪ್‌ಟಾಪನ್ನು ಬೈಯುತ್ತಾ ಕೂತೆ. ನಮ್ಮ ಮನೆಯವಳು ಸುಶೀಲ ಬಂದು ನೋಡಿದಳು. ಅವಳು ಮೂಗೂರಿನವಳು, ಮಾತು ನೇರ. ಅಂಗನವಾಡಿಯಲ್ಲಿ ಕೆಲಸ ಮಾಡಿದವಳು, ತೂಕ ಎತ್ತರ ಎಲ್ಲ ಫೋನಿನಲ್ಲೇ ತುಂಬಿಸಿ ಪಳಗಿದ್ದಾಳೆ. ಮೊದಲು ಆ ಕಿರಿದಾದ ಕಾಲಂ ಅಗಲ ಮಾಡಿದಳು. ## ಹೋಗಿ 45 ಸಾವಿರದ ಚಿಲ್ಲರೆ ಸಂಖ್ಯೆಗಳು ಬಂದವು. ಅದನ್ನು ತಾರೀಖಿನ ಫಾರ್ಮ್ಯಾಟಿಗೆ ಬದಲಾಯಿಸಿದಳು. 5-6 ಇದ್ದ ಜಾಗದಲ್ಲಿ ಜೂನ್ ಐದು ಬಂತು. 7-8 ಆಗಸ್ಟ್ ಏಳಾಗಿತ್ತು.

ಈ ಯಂತ್ರಕ್ಕೆ ನಮ್ಮ ಐದಾರು ಗೊತ್ತಿಲ್ಲ. ನಡುವೆ ಅಡ್ಡಗೆರೆ ಕಂಡರೆ ತಾರೀಖು ಅಂದುಕೊಳ್ಳುತ್ತದೆ. ತಾರೀಖನ್ನು ಸಾವಿರದ ಒಂಬೈನೂರನೇ ಇಸವಿಯಿಂದ ಇದು ಎಷ್ಟನೇ ದಿನ ಅಂತ ಎಣಿಸಿಟ್ಟುಕೊಂಡಿರುತ್ತದೆ. ಈಗ ಆ ಲೆಕ್ಕ ನಲವತ್ತೈದು ಸಾವಿರ ದಾಟಿದೆ. ನೋಟ್‌ಬುಕ್ಕಿನಲ್ಲಿ 13-14 ಅಂತ ಬರೆದಿದ್ದ ದಿನಗಳೂ ಕೆಲವು ಇದ್ದವು. ಹದಿನಾಲ್ಕನೇ ತಿಂಗಳು ಪಂಚಾಂಗದಲ್ಲಿ ಇಲ್ಲದ್ದರಿಂದ ಅದನ್ನು ಅಂಕಿಯೇ ಅಲ್ಲ ಅಂತ ತಳ್ಳಿ ಸೊನ್ನೆ ಕೊಟ್ಟಿತ್ತು. ಅಂದರೆ ಗೇಟು ತುಂಬಿ ತುಳುಕಿದ ದಿನ ಚಾರ್ಟಿನಲ್ಲಿ ನರಪಿಳ್ಳೆ ಇಲ್ಲ!

ಇದೆಲ್ಲ ಕಂಡುಹಿಡಿದವಳು ಸುಶೀಲ. ನಾನು ಪಕ್ಕದಲ್ಲಿ ಕೂತು ತಲೆದೂಗಿದೆ. ಈಗ ಏನು ಮಾಡುವುದು ಅಂದೆ. ನಡುವಿನದು ಹಾಕಿ ಅಂದಳು. ಐದಾರು ಅಂದರೆ ಐದೂವರೆ, ಏಳೆಂಟು ಅಂದರೆ ಏಳೂವರೆ. ಗಣಿತದ ಪ್ರಕಾರ ತಪ್ಪಿಲ್ಲ. ಎಲ್ಲ ತಿದ್ದಿದೆ. ಕಂಬಗಳು ಈಗ ಕೆಳಗಿಳಿದು ಮರ್ಯಾದೆಯಿಂದ ನಿಂತವು.

ಪಾಪ ಬರೆದುಕೊಟ್ಟವರಿಗೆ ಒಮ್ಮೆ ತೋರಿಸೋಣ ಅಂತ ಗುರುವಾರ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದೆ. ಬಸ್ಸು ಆಗಲೇ ಹೋಗಿತ್ತು. ಚಿಕ್ಕತಾಯಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತಾ ಕೂತಿದ್ದರು. ಪ್ರಿಂಟನ್ನು ಮಂಡಿಯ ಮೇಲೆ ಹರವಿಕೊಂಡು ನೋಡಿದರು. ಕಂಬದ ತಲೆಯ ಮೇಲಿದ್ದ 5.5ರ ಮೇಲೆ ಬೆರಳಿಟ್ಟು ಏನಿದು ಅಂದರು. ಐದೂವರೆ ಜನ ಅಂದೆ.

"ಅರ್ಧ ಯಾರು ಸಾ?"

ಕೋಪ ಬಂತು ನನಗೆ. ಸುಳ್ಳು ಹೇಳಲಾರೆ. ಬಿಸಿಲು ಬೇರೆ. ನೀವೇ ತಾನೆ ಐದಾರು ಅಂತ ಬರೆದದ್ದು? ಐದಾ, ಆರಾ, ಒಂದು ಹೇಳಿದ್ದರೆ ನನಗೇಕೆ ಈ ಕರ್ಮ? ಆಫೀಸಿನಲ್ಲಿ ಮಾನ ಹೋಯಿತು, ಯಂತ್ರಕ್ಕೆ ಅಂದಾಜು ಆಗುವುದಿಲ್ಲ, ಹೀಗೆ ಕ್ಲಾಸಿನಲ್ಲಿ ನಿಂತವನಂತೆ ಒಂದು ಭಾಷಣ ಬಿಗಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ನಾನು ಅಂದಾಜಲ್ಲಿ ಬರೆದಿಲ್ಲ, ಸರಿಯಾಗಿ ಎಣಿಸಿಯೇ ಬರೆದಿದ್ದೇನೆ ಅಂದರು. ನಾನು ನಂಬಲಿಲ್ಲ. ನೋಟ್‌ಬುಕ್ ತೆಗೆದು ಅವರ ಮುಂದೆ ಹಿಡಿದು, ಇದೇನು, ಇದೇನು ಅಂತ ಒಂದೊಂದನ್ನೇ ಜೋರಾಗಿ ಓದುತ್ತಾ ಹೋದೆ. ಐದಾರು. ಏಳೆಂಟು. ನಾಲ್ಕೈದು. ಒಂಬತ್ತು ಹತ್ತು...

ಅಲ್ಲಿ ನಾಲಿಗೆ ತಡೆಯಿತು.

ನೀವೇ ಹೇಳಿ, ನಾವು ಕನ್ನಡದವರು ಯಾವತ್ತಾದರೂ 'ಒಂಬತ್ತು ಹತ್ತು ಜನ' ಅನ್ನುತ್ತೇವೆಯೇ? ಎಂಟು ಹತ್ತು ಅನ್ನುತ್ತೇವೆ. ಹತ್ತು ಹನ್ನೆರಡು ಅನ್ನುತ್ತೇವೆ. ಆಮೇಲೆ ಹದಿನೈದು ಇಪ್ಪತ್ತು. ಅಂದಾಜು ಹೇಳುವಾಗ ಒಂಬತ್ತರ ಮೇಲೆ ಯಾರೂ ಕಾಲಿಡುವುದಿಲ್ಲ. ಇಲ್ಲಿ ನೋಡಿದರೆ 9-10, 11-12, 13-14. ಎಲ್ಲದರಲ್ಲೂ ಕರಾರುವಾಕ್ಕಾಗಿ ಒಂದೇ ಒಂದು ಹೆಚ್ಚು. ಭಾನುವಾರದ ಸೊನ್ನೆಗೂ ಒಂದು ಹೆಚ್ಚು. ಮೂವತ್ತು ದಿನ, ಮೂವತ್ತು ಸಲ. ಇದು ಅಂದಾಜು ಹೇಗಾಗುತ್ತದೆ? ಮಕ್ಕಳಿಗೆ ಸಂಖ್ಯೆಗಳನ್ನು ಪ್ರೀತಿಸಿ ಅಂತ ಬೋಧಿಸಿದ ನನ್ನ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ.

ದನಿ ತಗ್ಗಿಸಿ, ಈ ಹೆಚ್ಚಿನ ಒಬ್ಬರು ಯಾರು ಅಂತ ಕೇಳಿದೆ.

"ನಾನು ಸಾ. ಅವ್ರು ಐದು ಜನ, ನನ್ನೂ ಸೇರ್ಸುದ್ರೆ ಆರು. ನನ್ನ ಸೇರ್ಸದೋ ಬ್ಯಾಡ್ವೋ ಗೊತ್ತಾಗ್ನಿಲ್ಲ. ಅದ್ಕೇ ಎರಡೂ ಬರ್ದೆ, ನೀವು ಓದಿರೋರು ನೋಡ್ಕತೀರಿ ಅಂತ."

ನಿಮ್ಮನ್ನೇಕೆ ಸೇರಿಸಬೇಕು, ನಿಮ್ಮ ಅಂಗಡಿ ಇಲ್ಲೇ ಇದೆಯಲ್ಲ ಅಂದೆ.

ಚಿಕ್ಕತಾಯಮ್ಮ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ದಡ್ಡ ಹುಡುಗನಿಗೆ ಲೆಕ್ಕ ತಿಳಿಯದಿದ್ದಾಗ ನಾನು ನೋಡುತ್ತಿದ್ದೆನಲ್ಲ, ಹಾಗೆ.

"ಇದು ಅಂಗ್ಡಿ ಅಲ್ಲ ಕಣ್ಸಾ. ನಾನು ಬಸ್ಸಿಗೆ ಕಾಯ್ತಾ ಇವ್ನಿ."

ಆಮೇಲೆ ಅವರೇ ಬಿಡಿಸಿ ಹೇಳಿದರು. ನರಸೀಪುರದ ಮಾರ್ಕೆಟ್ಟಿನಲ್ಲಿ ಅವರದೊಂದು ಜಾಗ. ಅವರ ಅತ್ತೆ ಕೂರುತ್ತಿದ್ದ ಜಾಗ, ಅತ್ತೆಯ ನಂತರ ಇವರದು. ಪಕ್ಕದಲ್ಲಿ ನಿಂಬೆಹಣ್ಣಿನವರು, ಎದುರಿಗೆ ಎಲೆ ಅಡಿಕೆಯವರು, ದಿನವಿಡೀ ಮಾತು. ಬಸ್ಸು ನಿಲ್ಲುವುದು ತಪ್ಪಿದ ಮೇಲೆ ಮಂಕರಿ ಹೊತ್ತು ಹಾರಿ ಹತ್ತಲು ಆಗದು. ಒಂದೂವರೆ ಕಿಲೋಮೀಟರ್ ತಲೆಹೊರೆ ಕತ್ತಿಗೆ ಆಗದು. ಆಟೋದಲ್ಲಿ ಮಂಕರಿ ಇಟ್ಟರೆ ಇಬ್ಬರ ಜಾಗ ಹೋಗುತ್ತದೆ ಅಂತ ಹತ್ತಿಸಿಕೊಳ್ಳುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಮಂಕರಿ ತುಂಬಿಕೊಂಡು ಗೇಟಿಗೆ ಬರುತ್ತಾರೆ. ಇವತ್ತು ನಿಂತರೂ ನಿಲ್ಲಬಹುದು ಅಂತ ನೋಡುತ್ತಾರೆ. ಬಸ್ಸು ಹೋಗುತ್ತದೆ. ಸೊಪ್ಪು ಬಾಡುತ್ತದಲ್ಲ, ಕಲ್ಲಿನ ಮೇಲೆ ಕೂತು ನನ್ನಂಥವರಿಗೆ ಮಾರುತ್ತಾರೆ. ಮಿಕ್ಕಿದ್ದನ್ನು ವಾಪಸ್ಸು ಹೊತ್ತುಕೊಂಡು ಹೋಗುತ್ತಾರೆ. ನಿಂಬೆಹಣ್ಣಿನವರು ಇವರ ಜಾಗದಲ್ಲಿ ಒಂದು ಗೋಣಿಚೀಲ ಹಾಸಿ ಕಾಯ್ದಿಟ್ಟಿದ್ದಾರೆ. ಅದು ಇನ್ನೆಷ್ಟು ದಿನವೋ ಗೊತ್ತಿಲ್ಲ ಅಂದರು.

ಎರಡು ವರ್ಷ. ನಾನು ಪ್ರಯಾಣಿಕರೊಬ್ಬರ ಹತ್ತಿರ ಸೌತೆಕಾಯಿ ಚೌಕಾಸಿ ಮಾಡುತ್ತಿದ್ದೆ! ಗೇಟಿಗೆ ಬಸ್ ಬೇಕು ಅಂತ ಅರ್ಜಿ ಬರೆದವನು ನಾನು, ಆ ಬಸ್ಸು ಎಲ್ಲರಿಗಿಂತ ಹೆಚ್ಚು ಬೇಕಾದವರಿಗೆ ಎಣಿಸುವ ಕೆಲಸ ಕೊಟ್ಟೆ. ಅವರು ದಿನಾ ತಮ್ಮನ್ನು ಬರೆದು, ಒತ್ತಾಯವೇನಿಲ್ಲ ಅನ್ನುವಂತೆ ಪಕ್ಕದಲ್ಲಿ ತಾವಿಲ್ಲದ ಲೆಕ್ಕವನ್ನೂ ಬರೆದರು. ಅದರ ಮೇಲೆ ಅವರನ್ನು ಅರ್ಧ ಕತ್ತರಿಸಿ ಪ್ರಿಂಟ್ ಹಾಕಿಸಿದ ಮಹಾನುಭಾವ ನಾನು. ನಿಜವಾಗಿ ನಾಚಿಕೆಯಾಯಿತು. ಅವತ್ತು ಸೌತೆಕಾಯಿ ಕೊಳ್ಳಲು ಕೈ ಬರಲಿಲ್ಲ. ಅವರೇ ಎರಡು ತೆಗೆದು ಸ್ಕೂಟರಿನ ಬ್ಯಾಗಿಗೆ ಹಾಕಿದರು.

ಆವತ್ತು ಸಂಜೆಯೇ ಮತ್ತೆ ಕೂತೆ. ಬಿ ಕಾಲಂ ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಿದೆ. ಆರು. ಎಂಟು. ಐದು. ಏಳು. ಹತ್ತು. ಹದಿನಾಲ್ಕು. ಪ್ರತಿ ಸಲವೂ ದೊಡ್ಡದನ್ನೇ ಹಾಕಿದೆ. ಭಾನುವಾರಕ್ಕೆ ಒಂದು. ಎರಡೂ ಕಾಲಂ ಸೆಲೆಕ್ಟ್ ಮಾಡಿ ಚಾರ್ಟ್ ಒತ್ತಿದೆ. ಈ ಸಲ ಸ್ಕೇಲ್ ಓದಿದೆ. ಎರಡು ಸಲ ಓದಿದೆ. ಸುಶೀಲ ಮೂರನೇ ಸಲ ಓದಿದಳು.

ಸೋಮವಾರ ಸಾಹೇಬರು ಹಾಳೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದರು. ಬೆರಳು ನಿಂತದ್ದು ದೊಡ್ಡ ಕಂಬಗಳ ಹತ್ತಿರ ಅಲ್ಲ. ಏಳು ದಿನಕ್ಕೊಮ್ಮೆ ಮೊಳಕೆಯಷ್ಟೇ ಎದ್ದಿದ್ದ ಗಿಡ್ಡ ಕಂಬಗಳ ಹತ್ತಿರ. ಆಫೀಸು ಕಾಲೇಜು ಇಲ್ಲದ ಭಾನುವಾರವೂ ಬಿಡದೆ ಬಂದು ನಿಲ್ಲುವವರು ಯಾರು ಅಂತ ಕೇಳಿದರು. ಹೇಳಿದೆ. ಮಂಕರಿ, ಗೋಣಿಚೀಲ, ಅರ್ಧ ಮನುಷ್ಯ, ಎಲ್ಲ ಹೇಳಿದೆ. ಸಾಹೇಬರು ನಗಲಿಲ್ಲ. ಚಾರ್ಟನ್ನು ಮಡಚದೆ ಫೈಲಿನ ಮೇಲ್ಗಡೆ ಇಟ್ಟುಕೊಂಡರು.

ಈಗ ತಾಜಾ ಸಮಾಚಾರ. ಹುಣಸೇಮರದ ಗೇಟಿನಲ್ಲಿ ಬಸ್ ನಿಲ್ಲುತ್ತದೆ. ಒಂದು ತಿಂಗಳು ಟ್ರಯಲ್. ಆದರೆ ಒಂದು ಕಂಡೀಷನ್. ದಿನಾ ಹತ್ತಿದವರು ಎಷ್ಟು, ಜಾಗ ಸಾಲದೆ ಗೇಟಿನಲ್ಲೇ ಉಳಿದವರು ಎಷ್ಟು ಅಂತ ಮತ್ತೆ ಎರಡು ಕಾಲಂ ಬರೆದುಕೊಡಬೇಕು. ಚಾರ್ಟ್ ಸಮೇತ.

ಮೊದಲ ದಿನ ಹೊಸ ನೋಟ್‌ಬುಕ್ಕಿಗೆ ಗೆರೆ ಹಾಕಿಕೊಂಡು ಹೊತ್ತಿಗೆ ಮುಂಚೆಯೇ ಗೇಟಿಗೆ ಹೋದೆ, ಚಿಕ್ಕತಾಯಮ್ಮನಿಗೆ ಕೊಡೋಣ ಅಂತ. ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಮಂಕರಿಗೆ ಹೊಸ ಹಗ್ಗ. ನೋಟ್‌ಬುಕ್ ಕೊಡಲು ಬಾಯಿ ತೆರೆಯುವುದರೊಳಗೆ ಬಸ್ ಬಂತು. ನಿಂತಿತು. ಕಂಡಕ್ಟರ್ ಮೇಲಿಂದ ಮಂಕರಿ ಎಳೆದುಕೊಂಡ, ನಾನು ಕೆಳಗಿಂದ ನೂಕಿದೆ. ಮೆಟ್ಟಿಲ ಮೇಲೆ ನಿಂತು ಚಿಕ್ಕತಾಯಮ್ಮ ತಿರುಗಿದರು.

"ಸೌತೆಕಾಯಿ ಬೇಕಾದ್ರೆ ಮಾರ್ಕೆಟ್ಗೆ ಬನ್ನಿ ಸಾ."

ಬಸ್ಸು ಹೋಯಿತು. ಆಗ ಹೊಳೆಯಿತು ನನಗೆ. ಗೇಟಿನಲ್ಲಿ ದಿನಾ ಕೂತು ಎಣಿಸುತ್ತಿದ್ದವರೇ ಬಸ್ ಹತ್ತಿ ಹೋದರಲ್ಲ, ಇನ್ನು ಲೆಕ್ಕ ಬರೆಯುವವರು ಯಾರು?

ಇನ್ಯಾರು? ಆ ಕಲ್ಲಿನ ಮೇಲೆ ನಾನೇ ಕೂತೆ. ಪೆನ್ನು ತೆಗೆದು ಮೊದಲ ಕಾಲಂನಲ್ಲಿ ಬರೆದೆ, ಹತ್ತಿದವರು 6. ಆರೆಂದರೆ ಆರೇ, ಐದಾರಲ್ಲ. ಎರಡನೇ ಕಾಲಂ, ಉಳಿದವರು. ಸುತ್ತ ನೋಡಿದೆ. ಮರದ ಕೆಳಗೆ ಒಂದು ಸ್ಕೂಟರು, ಒಬ್ಬ ನಿವೃತ್ತ ಗಣಿತ ಮೇಷ್ಟ್ರು, ಬೇರೆ ಯಾರೂ ಇಲ್ಲ. ಬಹಳ ಹೊತ್ತು ಯೋಚಿಸಿ ಬರೆದೆ: 0-1.

ನನ್ನನ್ನು ಸೇರಿಸಬೇಕೋ ಬೇಡವೋ, ನೀವೇ ಹೇಳಿ.